ಒಂಟಿ ಕಲ್ಲಿನ ಗೋಡೆ

ಕುಮಟಾ ಪೇಟೆ ದಾಟಿ ಹೊನ್ನಾವರದ ಕಡೆ ಹೊರಟರೆ, ಹೆದ್ದಾರಿಯ ಎಡಕ್ಕೆ ಗುಡ್ಡ ಕಡಿದು ಮಾಡಿದ ಸೈಟುಗಳಲ್ಲಿ ಹೊಸ ಮನೆಗಳು ಸಿಗುತ್ತವೆ. ಅವುಗಳಲ್ಲೊಂದು ರೇಖಾ ಮತ್ತು ವಿನೋದರದು. ರೇಖಾ ಹತ್ತಿರದ ಪ್ರಾಥಮಿಕ ಶಾಲೆಯ ಶಿಕ್ಷಕಿ. ವಿನೋದ ಹೊನ್ನಾವರದ ಒಂದು ಟೈಲ್ಸ್ ಅಂಗಡಿಯಲ್ಲಿ ಮ್ಯಾನೇಜರ್. ಅವನ ತಾಯಿ ಸಣ್ಣಮ್ಮ ಇವರ ಜೊತೆಗೇ ಇದ್ದಳು. ಮನೆಯ ಹಿಂದೆ, ಬಚ್ಚಲಿಗೆ ಒತ್ತಿಕೊಂಡ ಹಾಗೆ, ಗುಡ್ಡ ಕಡಿದ ಧರೆ ಬೆತ್ತಲೆ ನಿಂತಿತ್ತು. ಪ್ರತಿ ಮಳೆಗಾಲದಲ್ಲೂ ಅಲ್ಲಿಂದ ಒಂದಿಷ್ಟು ಮಣ್ಣು ಜಾರಿ ಬಚ್ಚಲ ಬಾಗಿಲ ತನಕ ಬರುತ್ತಿತ್ತು.

ಅದಕ್ಕೊಂದು ತಡೆಗೋಡೆ ಕಟ್ಟಿಸಬೇಕೆಂದು ಮಾಸ್ತಿಯನ್ನು ಕರೆಸಿದರು. ಮನೆಯ ಮುಂದೆ ಸುತ್ತುಗೋಡೆಯ ಪಾಗಾರ ಕಟ್ಟಿದವನೂ ಅವನೇ. ಗಾರೆ ಕೆಲಸದಲ್ಲಿ ಒಳ್ಳೆಯ ಹೆಸರಿತ್ತು. ಧರೆಯ ಉದ್ದ ಎತ್ತರ ಅಳೆದು, ಜಗಲಿಯ ಮೇಲೆ ಕೂತು ಚಾ ಕುಡಿಯುತ್ತ, "ಎಲ್ಲ ಸೇರಿ ತೊಂಬತ್ತು ಸಾವಿರ" ಎಂದ. ವಿನೋದ ಸೊಸೈಟಿಯಲ್ಲಿ ಅಷ್ಟೇ ಸಾಲ ತೆಗೆದ, ಮುಂಗಡವನ್ನೂ ಕೊಟ್ಟ.

ಪಾಯ ತೋಡಿ, ಕೆಂಪು ಚಿರೆಕಲ್ಲಿನ ಮೊದಲ ಲೋಡು ಇಳಿದ ಸಂಜೆ ಮಾಸ್ತಿ ಹಿತ್ತಲ ಬಾಗಿಲಿಗೆ ಬಂದು ನಿಂತ. ವಿನೋದ ಇನ್ನೂ ಬಂದಿರಲಿಲ್ಲ.

"ಅಕ್ಕೋರೆ, ನನ್ನಿಂದ ಒಂದು ತಪ್ಪಾಗಿದೆ."

"ಎಂತಾತು?"

"ಪಾಗಾರ ಕಟ್ಟಿ ಕಟ್ಟಿ ಅದೇ ಲೆಕ್ಕ ತಲೆಯಲ್ಲಿ ಕೂತದೆ. ಒಂಟಿ ಕಲ್ಲಿನ ಲೆಕ್ಕ ಹಾಕಿ ರೇಟು ಹೇಳಿಬಿಟ್ಟೆ. ಇದು ಮಣ್ಣು ತಡಿಯೂ ಗೋಡೆ. ಎರಡು ಕಲ್ಲಿನ ದಪ್ಪಕ್ಕೆ ಜೋಡಿ ಕಲ್ಲು ಇಡಬೇಕು. ಇನ್ನೂ ಐವತ್ತು ಸಾವಿರ ಬೀಳ್ತದೆ. ಹೆಚ್ಚಿಗೆ ಮಜೂರಿ ನಂಗೆ ಬೇಡ. ಕಲ್ಲು, ಸಿಮೆಂಟಿನದ್ದು ಕೊಟ್ರೆ ಸಾಕು."

ರೇಖಾ ಗಂಡನಿಗೆ ಫೋನ್ ಮಾಡಿ ಮಾಸ್ತಿ ಇನ್ನೂ ಐವತ್ತು ಸಾವಿರ ಕೇಳುತ್ತಿದ್ದಾನೆ ಎಂದಳು. ಅಷ್ಟು ಕೇಳಿದ್ದೇ ಅವನು ಸಿಡಿದ.

"ಹೋದ ವರ್ಷ ನಮ್ಮ ಸೇಲ್ಸ್‌ಮನ್ ಟೈಲ್ಸಿನ ರೇಟು ತಪ್ಪು ಹೇಳಿದ್ದ. ಗಿರಾಕಿ ಬಿಟ್ರಾ? ಅದೇ ರೇಟಿಗೆ ಕೊಟ್ವಿ. ಬಾಯಲ್ಲಿ ಹೇಳಿದ ಮೇಲೆ ಮುಗೀತು. ಕೆಲಸ ಶುರುವಾದ ಮೇಲೆ ರೇಟು ಏರಿಸೂದು ಇವರದ್ದೆಲ್ಲ ಇದ್ದದ್ದೇ. ಒಂದು ರೂಪಾಯಿ ಹೆಚ್ಚಿಗೆ ಇಲ್ಲ ಅನ್ನು."

ಅವಳು ಬಂದು ಹಾಗೆಯೇ ಹೇಳಿದಳು. ಮಾಸ್ತಿ ಕಲ್ಲಿನ ರಾಶಿಯತ್ತ ನೋಡಿದ.

"ಹಾಗಾದ್ರೆ ಈ ದುಡ್ಡಿಗೆ ಒಂಟಿ ಕಲ್ಲೇ ಆಗೂದು. ಬೇಡ ಅಂದ್ರೆ ಬೇರೆಯವರನ್ನ ನೋಡಿ. ಮುಂಗಡ ಕಲ್ಲಿಗೆ ಹೋಗಿದೆ, ಸ್ವಲ್ಪ ಸ್ವಲ್ಪ ಮಾಡಿ ತೀರಿಸ್ತೆ."

"ಒಂಟಿ ಕಲ್ಲು ನಿಲ್ಲೂದಿಲ್ವಾ?"

"ನಿಂತ್ರೆ ನಿಲ್ತದೆ. ಖಾತ್ರಿ ಹೇಳೂಕೆ ಆಗೂದಿಲ್ಲ."

ಬೇರೆಯವರನ್ನು ಹುಡುಕಿ, ಹೊಸದಾಗಿ ರೇಟು ಮಾತಾಡಿ, ಮಳೆಗೆ ಮೊದಲು ಮುಗಿಸುವುದು ಆಗದ ಮಾತು ಅನಿಸಿತು ರೇಖಾಗೆ. ಗಂಡನ ಬಾಯಿಗೆ ಮತ್ತೆ ಬೀಳುವುದೂ ಬೇಡವಾಗಿತ್ತು. "ಆತು, ಹೇಳಿದ ರೇಟಿಗೆ ಮಾಡಿ ಮುಗಿಸಿ" ಎಂದಳು.

ಅರ್ಧಕ್ಕೆ ಬಿಟ್ಟು ಹೋದ ಎನ್ನುವ ಮಾತು ಊರಲ್ಲಿ ಹಬ್ಬಿದರೆ ಮುಂದೆ ಯಾರೂ ಕರೆಯುವುದಿಲ್ಲ ಎಂದು ಮಾಸ್ತಿಯೂ ಹೆದರಿದ. ಮರುದಿನ ಹೆಂಡತಿ ಮಾದೇವಿಯನ್ನು ಕರೆದುಕೊಂಡು ಬಂದ. ಅವಳು ಕಲ್ಲು ಹೊತ್ತಳು, ಅವನು ಕಟ್ಟಿದ. ಸಣ್ಣಮ್ಮ ದಿನವೂ ಇಬ್ಬರಿಗೂ ಮಜ್ಜಿಗೆ ಕೊಟ್ಟು, ಬಚ್ಚಲ ಕಟ್ಟೆಯ ಮೇಲೆ ಕೂತು ಮಾದೇವಿಯ ಹತ್ತಿರ ಹಾಡು ಹೇಳಿಸುತ್ತಿದ್ದಳು. ಗೋಡೆ ಎದ್ದಿತು, ಹಿಂದೆ ಮಣ್ಣು ತುಂಬಿತು, ಮುಂದೆ ಸಿಮೆಂಟಿನ ಗಿಲಾವು ಆಯಿತು. ಇನ್ನು ಅದರ ದಪ್ಪ ಎಷ್ಟು ಎಂದು ನೋಡಿದವರಿಗೆ ತಿಳಿಯುವ ಹಾಗಿರಲಿಲ್ಲ. ಭಾನುವಾರ ವಿನೋದ ಅದನ್ನು ನೋಡಿ, "ಕಂಡ್ಯಾ? ಗಟ್ಟಿಯಾಗಿ ಹೇಳಿದ್ದಕ್ಕೆ ಅದೇ ರೇಟಿಗೆ ಮಾಡಿದ" ಎಂದು ನಕ್ಕ. ರೇಖಾ ಒಣಗಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಜುಲೈನಲ್ಲಿ ಮೂರು ದಿನ ಎಡೆಬಿಡದೆ ಮಳೆ ಹೊಡೆಯಿತು. ಶಾಲೆಗೆ ರಜೆ ಕೊಟ್ಟಿದ್ದರು. ಬೆಳಿಗ್ಗೆ ರೇಖಾ ದೋಸೆ ಹೊಯ್ಯುತ್ತಿದ್ದಳು. ವಿನೋದ ಕೆಲಸಕ್ಕೆ ಹೊರಡುವ ಮೊದಲು ಸ್ನಾನಕ್ಕೆ ನೀರು ಕಾಯಲಿ ಎಂದು ಸಣ್ಣಮ್ಮ ಬಚ್ಚಲ ಒಲೆಗೆ ಬೆಂಕಿ ಹಾಕಲು ಹೋದಳು. ಲಾರಿಯಿಂದ ಕಲ್ಲು ಸುರಿದಂಥ ಸದ್ದಾಯಿತು. ರೇಖಾ ಹಿತ್ತಲಿಗೆ ಓಡಿ ಬಂದಾಗ ಗೋಡೆಯೂ ಇರಲಿಲ್ಲ, ಬಚ್ಚಲೂ ಇರಲಿಲ್ಲ. ಕೆಂಪು ರಾಡಿಯ ನಡುವೆ ಹಂಡೆಯ ಕಂಠ ಮಾತ್ರ ಕಾಣುತ್ತಿತ್ತು.

ಅಕ್ಕಪಕ್ಕದವರು ಪಿಕಾಸಿ, ಸಲಿಕೆ ಹಿಡಿದು ಬಂದರು. ವಿನೋದ ಬರಿಗೈಯಲ್ಲೇ ಮಣ್ಣು ಕೆದರಿದ. ಸಣ್ಣಮ್ಮ ಸಿಕ್ಕಿದಾಗ ಜೀವ ಇರಲಿಲ್ಲ.

ಬಿದ್ದ ಗೋಡೆಯನ್ನು ನೋಡಿ ಯಾರೋ, "ಅಯ್ಯೋ, ಇದು ಒಂಟಿ ಕಲ್ಲು!" ಎಂದರು. ವಿನೋದನಿಗೆ ಅಷ್ಟು ಸಾಕಾಯಿತು. ತಾಯಿಯ ದಹನ ಮುಗಿಸಿ ಒದ್ದೆ ಬಟ್ಟೆಯಲ್ಲೇ ಠಾಣೆಗೆ ಹೋಗಿ, ಜೋಡಿ ಕಲ್ಲಿನ ಗೋಡೆ ಎಂದು ದುಡ್ಡು ತಗೊಂಡು ಮೋಸ ಮಾಡಿದ್ದಾನೆ ಎಂದು ದೂರು ಕೊಟ್ಟ. ಪೊಲೀಸರು ಮಾಸ್ತಿಯನ್ನು ಕರೆದೊಯ್ದರು.

ಹನ್ನೊಂದನೆಯ ದಿನ ಮನೆ ತುಂಬ ನೆಂಟರಿದ್ದರು. ಮಾದೇವಿ ಗೇಟಿನ ಹೊರಗೆ ಮಳೆಯಲ್ಲಿ ನಿಂತು ರೇಖಾಳನ್ನು ಕರೆದಳು.

"ಅಕ್ಕೋರೆ, ನಮ್ಮನೆಯವರು ಒಂಟಿ ಕಲ್ಲು ನಿಲ್ಲೂ ಖಾತ್ರಿ ಇಲ್ಲ ಅಂತ ನಿಮಗೆ ಹೇಳಿದ್ರಂತೆ. ಹೇಳಿದ್ದು ಹೌದಾ ಅಲ್ವಾ, ಅಷ್ಟೇ ಹೇಳಿ."

ವಿನೋದ ಎದ್ದು ಬಂದ. "ಎಂತಕ್ಕೆ ಬಂದೆ ಇಲ್ಲಿ?"

"ನಾ ಅಕ್ಕೋರನ್ನ ಕೇಳ್ತಾ ಇದ್ದೆ."

ಎಲ್ಲರೂ ರೇಖಾಳತ್ತ ತಿರುಗಿದರು. "ನಂಗೆ ನೆನಪಿಲ್ಲ" ಎಂದಳು ರೇಖಾ. ಮಾದೇವಿ ಜಗಳವಾಡಲಿಲ್ಲ, ಅಳಲೂ ಇಲ್ಲ. ಸಣ್ಣಮ್ಮನ ಫೋಟೋ ಇಟ್ಟ ಕಡೆ ದೂರದಿಂದಲೇ ಕೈಮುಗಿದು ಹೋದಳು. ರೇಖಾಗೆ ಆ ದಿನ ಅನ್ನ ಸೇರಲಿಲ್ಲ, ಮಾರನೆಯ ದಿನವೂ ಸೇರಲಿಲ್ಲ. ಶಾಲೆಗೆ ಮರಳಿದ ದಿನ ತರಗತಿಯಲ್ಲಿ ಮಗ್ಗಿ ಹೇಳಿಸುತ್ತಿದ್ದವಳು ನಡುವೆ ನಿಲ್ಲಿಸಿ, ಮಕ್ಕಳನ್ನು ಇನ್ನೊಬ್ಬ ಶಿಕ್ಷಕಿಗೆ ಒಪ್ಪಿಸಿ, ಆಟೋ ಹತ್ತಿ ಠಾಣೆಗೆ ಹೋದಳು.

ನಡೆದದ್ದನ್ನೆಲ್ಲ ಹೇಳಿದಳು. ಅಧಿಕಾರಿ ಬರೆದುಕೊಂಡು, "ನೀವು ಒಪ್ಪಿದ್ದು ಹೌದು, ಆದ್ರೆ ನಿಲ್ಲೂದಿಲ್ಲ ಅಂತ ಗೊತ್ತಿದ್ದೂ ಕಟ್ಟಿದ್ದು ಅವನೇ ಅಲ್ವಾ ಮೇಡಂ? ಕೇಸು ಬಿದ್ದು ಹೋಗೂದಿಲ್ಲ. ಈಗ ನಿಮ್ಮ ಹೆಸರೂ ಬರ್ತದೆ" ಎಂದರು.

ಆ ಸಂಜೆ ವಿನೋದನಿಗೂ ಹೇಳಿದಳು.

"ಒಂಟಿ ಕಲ್ಲು ಅಂತ ನನ್ನ ಹತ್ರ ಒಂದು ಮಾತು ಅಂದಿದ್ರೆ?"

"ಅಂದಿದ್ರೆ ನೀವು ಕೊಡ್ತಿದ್ರಾ?"

ಅವನು ಎದ್ದು ಹೊರಗೆ ಹೋದ. ಮುಂದಿನ ವಾರ ಅಂಗಡಿಗೆ ಹತ್ತಿರ ಎಂದು ಹೊನ್ನಾವರದಲ್ಲಿ ಒಂದು ರೂಮು ಹಿಡಿದ. ಮೊದಮೊದಲು ಶನಿವಾರ ಬರುತ್ತಿದ್ದ. ಆಮೇಲೆ ಅದೂ ನಿಂತಿತು.

ಮಳೆಗಾಲ ಕಳೆದ ಮೇಲೆ ಮಾಸ್ತಿಗೆ ಜಾಮೀನು ಸಿಕ್ಕಿದ್ದು ತಿಳಿದು ರೇಖಾ ಅವನ ಮನೆಗೆ ಹೋದಳು. ಅವನು ಅಂಗಳದಲ್ಲಿ ಒಬ್ಬನೇ ಕೂತಿದ್ದ. ಕೆಲಸಕ್ಕೆ ಯಾರೂ ಕರೆಯುತ್ತಿರಲಿಲ್ಲ. ಮಾದೇವಿ ಮೀನು ಒಣಗಿಸುವ ಕೂಲಿಗೆ ಹೋಗಿದ್ದಳು.

"ನಾನು ಮೊದಲೇ ಹೇಳಬೇಕಾಗಿತ್ತು" ಎಂದಳು ರೇಖಾ.

"ನೀವು ಹೇಳಿದ್ರಿ ಅಂತ ಗೊತ್ತಾತು. ವಕೀಲರು ಅಂದ್ರು." ಅವಳತ್ತ ತಿರುಗಿ, "ದುಡ್ಡಿನ ವಿಷಯದಲ್ಲಿ ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ ಅಕ್ಕೋರೆ. ರೇಟು ತಪ್ಪು ಹೇಳಿದ್ದು ನಾನೇ. ನಷ್ಟ ಆಗ್ಲಿ ಅಂತ ಜೋಡಿ ಕಲ್ಲಿಟ್ಟು ಕಟ್ಟಿದ್ರೆ ಒಂದು ವರ್ಷದ ಸಾಲ ಆಗ್ತಿತ್ತು. ಕಟ್ಟೂದೇ ಇಲ್ಲ ಅಂತ ಎದ್ದು ಹೋಗಿದ್ರೆ ನಾಲ್ಕು ಜನ ಬೈತಿದ್ರು. ಎರಡೂ ಮಾಡ್ಲಿಲ್ಲ. ಆ ಅಮ್ಮ ದಿನಾ ಅಲ್ಲೇ ಬೆಂಕಿ ಹಾಕೂದು ನೋಡ್ತಾ ನೋಡ್ತಾ ಕಟ್ಟಿದೆ" ಎಂದ.

ರೇಖಾ ಅಳತೊಡಗಿದಳು.

"ನೀವೂ ನೋಡ್ತಿದ್ರಿ" ಎಂದಷ್ಟೇ ಹೇಳಿ ಒಳಗೆ ಹೋದ. ಅವನು ಮತ್ತೆ ಹೊರಗೆ ಬರಲಿಲ್ಲ. ರೇಖಾ ಬಿಸಿಲಿಗೆ ಕೊಡೆ ಬಿಚ್ಚಿ ರಸ್ತೆಗೆ ಇಳಿದಳು.