ಕುಶಲಾ ಬಳಿದ ಗೋಡೆ

ಕುಶಲಾ ತನ್ನ ಸ್ವಂತ ಗೋಡೆಗೆ ಮೊದಲ ಮೊಳೆ ಹೊಡೆದಾಗ ಅವಳಿಗೆ ಐವತ್ತನಾಲ್ಕು ವರ್ಷ.

ಅಲ್ಲಿಯವರೆಗೆ ಬದುಕಿದ್ದೆಲ್ಲ ಬೇರೆಯವರ ಗೋಡೆಗಳ ನಡುವೆ. ಮಣಿಪಾಲದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಸೇರಿದ ಮೇಲೆ ಹಾಸ್ಟೆಲು, ಆಮೇಲೆ ಬಾಡಿಗೆಯ ಕೋಣೆಗಳು, ರಜೆ ಸಿಕ್ಕಿದರೆ ಬಜಗೋಳಿಯಲ್ಲಿ ತಮ್ಮನ ಮನೆ. ತಮ್ಮ ಕರುಣಾಕರನಿಗೆ ಪೇಟೆಯಲ್ಲಿ ಟಯರಿನ ಅಂಗಡಿ ಇತ್ತು. ಅವನ ಮನೆಯಲ್ಲಿ ಅಕ್ಕನ ಕೋಣೆ ಎಂದು ಒಂದಿತ್ತು. ಮನೆಗೆ ಬಣ್ಣ ಹೊಡೆಸಿದಾಗಲೆಲ್ಲ ಬೇರೆ ಕೋಣೆಗಳಿಗೆ ಬಳಿದು ಉಳಿದದ್ದನ್ನು ಒಂದೇ ಬಾಲ್ದಿಗೆ ಸುರಿದು ಕಲಸಿ ಆ ಕೋಣೆಗೆ ಹಚ್ಚುತ್ತಿದ್ದರು. ಆ ಬಣ್ಣಕ್ಕೆ ಹೆಸರಿರಲಿಲ್ಲ. ಕೆಟ್ಟ ಫ್ಯಾನು, ಮಡಚಿದ ಹಾಸಿಗೆಗಳು, ತಮ್ಮನ ಮಗ ಪ್ರತೀಕನ ಹಳೆಯ ಸೈಕಲ್ಲು ಎಲ್ಲವೂ ಅಲ್ಲಿಯೇ. ಹಾಲ್‌ನಲ್ಲಿದ್ದ ಗಾಜಿನ ಶೋಕೇಸು ತಮ್ಮನ ಹೆಂಡತಿ ಸುಗಂಧಿಯದು. ಒಮ್ಮೆ ಕುಶಲಾ ಹೂಡೆಯ ಕಡಲ ಕರೆಯಲ್ಲಿ ಹೆಕ್ಕಿದ ಚಿಪ್ಪುಗಳನ್ನು ಅದರ ಒಂದು ಮೂಲೆಯಲ್ಲಿಟ್ಟಿದ್ದಳು. ಮುಂದಿನ ಸಲ ಬಂದಾಗ ಅವು ಬಚ್ಚಲಿನ ಕಿಟಕಿಯ ಮೇಲಿದ್ದವು.

ಮದುವೆ ಆಗಬೇಕೆಂದು ಅವಳಿಗೆ ಅನ್ನಿಸಿದ ಕಾಲದಲ್ಲಿ ತಂದೆ ಹಾಸಿಗೆ ಹಿಡಿದಿದ್ದರು. ಅವರು ತೀರಿಕೊಂಡ ಮೇಲೆ ಅನ್ನಿಸಲಿಲ್ಲ. ಕಲ್ಯಾಣಪುರದಲ್ಲಿ ಎರಡನೆಯ ಮಹಡಿಯ ಫ್ಲ್ಯಾಟ್ ಕೊಂಡಾಗ ಊರಿನವರು, ಒಳ್ಳೆಯದಾಯಿತು, ಮುಂದೆ ಪ್ರತೀಕನಿಗಾಯಿತು ಎಂದರು. ಅದನ್ನೂ ಅವಳು ನಕ್ಕು ಕೇಳಿಸಿಕೊಂಡಿದ್ದಳು.

ಫ್ಲ್ಯಾಟಿನ ಗೋಡೆಗಳೆಲ್ಲ ಬಿಳಿ. ನರ್ಸ್ ಆಗಿ ಮೂರು ದಶಕ ಬಿಳಿ ಗೋಡೆ, ಬಿಳಿ ಹಾಸು, ಬಿಳಿ ಬಟ್ಟೆ ನೋಡಿದ್ದವಳಿಗೆ ಮನೆಗೆ ಬಂದರೂ ಡ್ಯೂಟಿ ಮುಗಿಯಲಿಲ್ಲ ಎನ್ನುವಂತೆ ಆಗುತ್ತಿತ್ತು. ಒಂದು ದಿನ ಬಣ್ಣದ ಅಂಗಡಿಗೆ ಹೋಗಿ, ಅವರು ಕೊಟ್ಟ ಪುಸ್ತಕವನ್ನು ಊಟದ ಹೊತ್ತು ಮೀರುವವರೆಗೆ ಮಗುಚಿ ನೋಡಿ, ಕಡುವಾದ ನವಿಲು ನೀಲಿಯನ್ನು ಆರಿಸಿದಳು. ಹಾಲ್‌ನ ಉದ್ದ ಗೋಡೆಗೆ ಆ ನೀಲಿ, ಉಳಿದವಕ್ಕೆ ಕೆನೆಯ ಬಣ್ಣ. ನೀಲಿ ಗೋಡೆಯ ನಡುವೆ ಹಲಸಿನ ಮರದ ಉದ್ದನೆಯ ಹಲಗೆಯೊಂದನ್ನು ಕೂರಿಸಿದಳು. ಅದರ ಮೇಲೆ ಏನಿಡಬೇಕೆಂದು ವಾರಗಟ್ಟಲೆ ಯೋಚಿಸಿದಳು. ಇಟ್ಟು ನೋಡುವುದು, ದೂರ ಹೋಗಿ ಕುರ್ಚಿಯಲ್ಲಿ ಕೂತು ನೋಡುವುದು, ಎದ್ದು ಬದಲಿಸುವುದು. ಕೊನೆಗೆ ಎಡಕ್ಕೆ ಅಮ್ಮನ ಹಿತ್ತಾಳೆಯ ಚೆಂಬು, ಅದರಲ್ಲಿ ನಾಲ್ಕು ಒಣ ಹುಲ್ಲಿನ ಕಡ್ಡಿ. ಬಲಕ್ಕೆ ಎದುರು ಫ್ಲ್ಯಾಟಿನ ಡುಲ್ಸಿನ್ ಬಾಯಿ ಕೊಟ್ಟ ಹಸಿರು ಗಾಜಿನ ಹೂಜಿ. ನಡುವೆ ಹೆಚ್ಚು ಜಾಗ ಖಾಲಿ. ಆ ಖಾಲಿ ಜಾಗದ ಮೇಲೆ, ಗೋಡೆಯಲ್ಲಿ, ಒಂದು ದೊಡ್ಡ ಚಿತ್ರ.

ಚಿತ್ರ ಅವಳಿಗೆ ಸಿಕ್ಕಿದ್ದು ಮಣಿಪಾಲದಲ್ಲಿ ಕಲಿಯುವ ಮಕ್ಕಳು ಇಟ್ಟಿದ್ದ ಪ್ರದರ್ಶನದಲ್ಲಿ. ಯಶ್ಮಿತಾ ಎಂಬ ಹುಡುಗಿ ಬರೆದದ್ದು. ದಪ್ಪಗಿನ, ನಡುವಯಸ್ಸಿನ ಹೆಂಗಸೊಬ್ಬಳು ಮಧ್ಯಾಹ್ನದ ಹೊತ್ತು ಕೆಂಪು ನೆಲದ ಮೇಲೆ ಕೈಕಾಲು ಚಾಚಿ ಮಲಗಿದ್ದಾಳೆ. ಸೀರೆ ಮೀನಖಂಡದವರೆಗೆ ಸರಿದಿದೆ, ಬಾಯಿ ಸ್ವಲ್ಪ ತೆರೆದಿದೆ. ಅವಳನ್ನು ಯಾರೂ ಎಬ್ಬಿಸುತ್ತಿಲ್ಲ, ಯಾರೂ ಎಬ್ಬಿಸುವ ಹಾಗೂ ಇಲ್ಲ. ಕುಶಲಾ ಅದರ ಮುಂದೆ ನಿಂತವಳು ಸರಿಯಲೇ ಇಲ್ಲ. ಇದು ನನ್ನ ದೊಡ್ಡಮ್ಮ, ಕೊಂಡವರು ನೀವೊಬ್ಬರೇ ಎಂದು ಹುಡುಗಿ ಹೇಳಿದಳು.

ಮೊದಲು ನೋಡಲು ಬಂದ ಕರುಣಾಕರ ಮತ್ತು ಸುಗಂಧಿ ಬಾಗಿಲಲ್ಲೇ ನಿಂತುಬಿಟ್ಟರು. ಇಷ್ಟು ಕಡು ಬಣ್ಣ ಹೋಟೆಲಿಗೆ ಆದೀತು, ಮನೆಗಲ್ಲ ಎಂದ ಕರುಣಾಕರ. ಸುಗಂಧಿ ಚಿತ್ರ ನೋಡಿ ಮುಖ ತಿರುಗಿಸಿದಳು.

"ಅಕ್ಕ, ಇದೆಲ್ಲ ಯಾರಿಗೆ ತೋರಿಸ್ಲಿಕ್ಕೆ? ಇರುವುದು ನೀವು ಒಬ್ಬರು."

"ನನಗೇ ತೋರಿಸ್ಲಿಕ್ಕೆ," ಎಂದಳು ಕುಶಲಾ.

ಅವರಿಗೆ ಅದು ತಮಾಷೆಯ ಮಾತಾಗಿ ಕೇಳಿಸಿತು.

ಅದಾಗಿ ಕೆಲವು ತಿಂಗಳಿಗೆ ಪ್ರತೀಕನಿಗೆ ಹೆಣ್ಣು ಗೊತ್ತಾಯಿತು. ಕಾಪುವಿನ ಹುಡುಗಿ, ಆಶ್ರಿತಾ. ಹೆಣ್ಣಿನ ಕಡೆಯವರಿಗೆ ಬಜಗೋಳಿ ದೂರವಾಯಿತು. ಹುಡುಗ ಕೆಲಸ ಮಾಡುವುದು ಮಣಿಪಾಲದಲ್ಲಿ, ಹುಡುಗಿಯೂ ಉಡುಪಿಯ ಬ್ಯಾಂಕಿನಲ್ಲಿ, ಹಾಗಾಗಿ ಇಬ್ಬರೂ ಎಲ್ಲಿ ಇರುವುದು ಎಂದು ಅವರು ಕೇಳಿದರು. ಕಲ್ಯಾಣಪುರದಲ್ಲಿ ನಮ್ಮದು ಫ್ಲ್ಯಾಟ್ ಉಂಟು ಎಂದು ಕರುಣಾಕರ ಹೇಳಿಬಿಟ್ಟ. ಭಾನುವಾರ ಬಂದು ನೋಡುತ್ತೇವೆ ಎಂದರು ಅವರು.

ಈ ಮಾತು ಕುಶಲಾಳಿಗೆ ತಿಳಿದದ್ದು ತಮ್ಮನಿಂದಲ್ಲ.

ಗುರುವಾರ ಬೆಳಗಿನ ಪಾಳಿ ಮುಗಿಸಿ ಬಂದಾಗ ಮನೆಯ ಬಾಗಿಲು ತೆರೆದಿತ್ತು. ಒಳಗೆ ಬಣ್ಣದ ಕೆಲಸದ ಸುಕೇಶ್ ಏಣಿಯ ಮೇಲೆ ನಿಂತಿದ್ದ. ಬಜಗೋಳಿಯ ಮನೆಗೆ ಬಣ್ಣ ಹೊಡೆಯುವವನು ಅವನೇ. ಗೃಹಪ್ರವೇಶದ ದಿನ ಕುಶಲಾ ತಮ್ಮನ ಕೈಯಲ್ಲಿ ಕೊಟ್ಟಿಟ್ಟಿದ್ದ ಇನ್ನೊಂದು ಬೀಗದ ಕೈ ಏಣಿಯ ಕಾಲ ಬಳಿ ಬಿದ್ದಿತ್ತು. ನೀಲಿ ಗೋಡೆಯ ಬಲಭಾಗ ಆಗಲೇ ಬಿಳಿಯಾಗಿತ್ತು. ಚೆಂಬು ಹೂಜಿಗಳು ಅಡಿಗೆಮನೆಯ ನೆಲದಲ್ಲಿ, ಹಲಗೆ ಬಾಲ್ಕನಿಯಲ್ಲಿ. ಮಲಗಿದ ಹೆಂಗಸು ಗೋಡೆಗೆ ಮುಖ ಮಾಡಿ ಒರಗಿದ್ದಳು, ಮೈಮೇಲೆ ಹಳೆಯ ಪೇಪರು.

ಸುಕೇಶ್‌ಗೆ ಅವಳ ಮುಖ ನೋಡಿದ ಕೂಡಲೇ ಸಂಗತಿ ಅರ್ಥವಾಯಿತು. ಭಾನುವಾರ ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆಂದು ಅವನೇ ಹೇಳಿದ; ಅವಳನ್ನು ಕೇಳಿಯೇ ತನ್ನನ್ನು ಕಳಿಸಿದ್ದು ಎಂದು ಎಣಿಸಿದ್ದನಂತೆ. ಕುಶಲಾ ಅವನಿಗೆ ಬೈಯಲಿಲ್ಲ. ಕೆಳಗಿಳಿ ಎಂದಳು. ಚಹಾ ಮಾಡಿ ಕೊಟ್ಟಳು. ಹಿಂದಿನ ಹಾಗೆಯೇ ಮಾಡಿಕೊಡುತ್ತೇನೆ ಎಂದು ಅವನು ಹೇಳಿದ್ದಕ್ಕೆ, ಬೇಡ, ಏಣಿ ಮತ್ತು ರೋಲರ್ ಇಲ್ಲಿಯೇ ಇರಲಿ, ಸೋಮವಾರ ಬಂದು ತೆಗೆದುಕೊಂಡು ಹೋಗು ಎಂದಳು. ಬೀಗದ ಕೈಯನ್ನು ಹೆಕ್ಕಿ ತನ್ನ ಪರ್ಸಿಗೆ ಹಾಕಿಕೊಂಡಳು. ಆಮೇಲೆ ತಮ್ಮನಿಗೆ ಫೋನು ಮಾಡಿದಳು.

ಕರುಣಾಕರ ಏನನ್ನೂ ಮುಚ್ಚಿಡಲಿಲ್ಲ. ಭಾನುವಾರ ಅವರು ಬರುತ್ತಾರೆ, ಅವರ ಕಣ್ಣಿಗೆ ಮನೆ ಮನೆಯ ಹಾಗೆ ಕಾಣಬೇಕು, ಬಿಳಿ ಇದ್ದರೆ ಯಾರಿಗೂ ಕಿರಿಕಿರಿ ಇಲ್ಲ, ಆ ಚಿತ್ರವನ್ನಂತೂ ಹೆಣ್ಣಿನ ಕಡೆಯ ಹಿರಿಯರು ನೋಡಬಾರದು ಎಂದ. ನೀನು ಅವತ್ತು ಎಂತದೂ ಮಾತಾಡುವುದು ಬೇಡ, ನಾನು ನೋಡಿಕೊಳ್ಳುತ್ತೇನೆ ಎಂದೂ ಸೇರಿಸಿದ.

"ನನ್ನನ್ನು ಯಾಕೆ ಕೇಳಲಿಲ್ಲ?"

"ಕೇಳುವುದೆಂತ ಅಕ್ಕ? ಕೊನೆಗೆ ಅದು ಪ್ರತೀಕನಿಗೇ ಅಲ್ವಾ?"

ಕೊನೆ ಎಂಬ ಪದವನ್ನು ಎಷ್ಟೋ ಮನೆಯವರಿಗೆ ಮೆಲ್ಲನೆ ತಿಳಿಸಿ ಹೇಳಿದವಳು ಕುಶಲಾ. ತನ್ನ ಬಗ್ಗೆ ಇಷ್ಟು ಸಲೀಸಾಗಿ ಯಾರಾದರೂ ಆಡಿದ್ದನ್ನು ಕೇಳಿರಲಿಲ್ಲ.

"ನಾನು ಇನ್ನೂ ಇದ್ದೇನೆ, ಕರುಣ," ಎಂದು ಫೋನು ಇಟ್ಟಳು.

ಸಂಜೆ ಡುಲ್ಸಿನ್ ಬಾಯಿ ಬಂದು ಗೋಡೆ ನೋಡಿದರು. ಅರವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇರುವವರು. ಉಳಿದ ಗೋಡೆಯನ್ನೂ ಬಿಳಿ ಮಾಡಿಬಿಡು, ಭಾನುವಾರ ಕಳೆದ ಮೇಲೆ ಪುನಃ ನೀಲಿ ಹೊಡೆದರಾಯಿತು, ಸುಮ್ಮನೆ ಜಗಳ ಯಾಕೆ ಎಂದು ಅವರು ಹೇಳಿದರು. ಬುದ್ಧಿವಾದ ತಪ್ಪಲ್ಲ ಎಂದು ಕುಶಲಾಳಿಗೂ ಗೊತ್ತಿತ್ತು. ಆದರೆ ಒಂದು ಭಾನುವಾರಕ್ಕೆ ಬಿಳಿ ಮಾಡಿದರೆ ಇನ್ನೊಂದು ಭಾನುವಾರವೂ ಬಂದೀತು. ಆಮೇಲೆ ಕೋಣೆಯಲ್ಲಿ ಒಂದು ಸೈಕಲ್ಲು ಬಂದು ನಿಂತೀತು.

ಮರುದಿನ ಬಣ್ಣದ ಅಂಗಡಿಗೆ ಹೋದಳು. ಅದೇ ನೀಲಿ ಕಲಸಿ ಕೊಟ್ಟರೂ ಹಳೆಯದಕ್ಕೆ ಸರಿಯಾಗಿ ಕೂಡುವುದಿಲ್ಲ, ಸೇರುವ ಕಡೆ ಕಲೆಯ ಹಾಗೆ ಕಾಣುತ್ತದೆ ಎಂದರು ಅಂಗಡಿಯವರು. ಹಾಗಾದರೆ ಕೂಡುವುದೇ ಬೇಡ ಎಂದುಕೊಂಡ ಕುಶಲಾ ಹೊಸ ಹಂಚಿನ ಕೆಂಪು ಬಣ್ಣವನ್ನು ತೋರಿಸಿದಳು. ಅಂಗಡಿಯವರು ನೀಲಿಯ ಪಕ್ಕದಲ್ಲಿ ಇದಾ ಎಂದು ಎರಡು ಸಲ ಕೇಳಿದರು. ಎರಡು ಸಲವೂ ಅವಳು ಹೌದೆಂದಳು.

ಶನಿವಾರ ರಜೆ ಹಾಕಿ, ತಲೆಗೆ ಬೈರಾಸು ಸುತ್ತಿ ಏಣಿ ಹತ್ತಿದಳು. ಡುಲ್ಸಿನ್ ಬಾಯಿ ಬೈಯುತ್ತಲೇ ಬಂದು ಏಣಿ ಹಿಡಿದರು. ಸುಕೇಶನ ರೋಲರ್ ನಿಂತಿದ್ದ ಜಾಗ ನೆಟ್ಟಗಿರಲಿಲ್ಲ. ಮೇಲಿನಿಂದ ಕೆಳಗೆ ಓರೆಯಾಗಿ ಇಳಿದಿತ್ತು. ಅದನ್ನು ಅಳಿಸದೆ, ಅದೇ ಓರೆಗೆ ಟೇಪು ಅಂಟಿಸಿ, ಬಿಳಿಯಾದದ್ದಕ್ಕೆಲ್ಲ ಕೆಂಪು ಬಳಿದಳು. ತೋಳು ಸೋತಿತು, ಕೆಂಪು ಮೊಣಕೈವರೆಗೆ ಇಳಿಯಿತು. ಎರಡನೆಯ ಕೋಟು ಒಣಗಿ ಟೇಪು ಕಿತ್ತಾಗ ಗೋಡೆಗೆ ಹೊಸ ಜೀವ ಬಂದಿತ್ತು. ಒಂದು ಕಡೆ ಕಡು ನೀಲಿ, ಇನ್ನೊಂದು ಕಡೆ ಹಂಚಿನ ಕೆಂಪು, ನಡುವೆ ಓರೆಯಾದ ಗೆರೆ. ಹಲಗೆ ಎರಡೂ ಬಣ್ಣಗಳ ಮೇಲೆ ಹಾಯ್ದು ನಿಂತಿತು. ಮಲಗಿದ ಹೆಂಗಸನ್ನು ಅವಳು ಮೊದಲಿಗಿಂತ ಒಂದು ಗೇಣು ಮೇಲಕ್ಕೆ, ಬಾಗಿಲು ತೆರೆದ ಕೂಡಲೇ ಕಾಣುವಲ್ಲಿ ತೂಗುಹಾಕಿದಳು.

"ಹೆದರಿಕೆ ಆಗುವುದಿಲ್ವಾ ನಿನಗೆ?" ಎಂದರು ಡುಲ್ಸಿನ್ ಬಾಯಿ.

ಆಗುತ್ತದೆ ಎಂದಳು ಕುಶಲಾ. ಆದರೂ ಸಂಜೆಯವರೆಗೆ ಹಾಡು ಗುನುಗಿದ್ದು ತಾನೇ ಎಂದು ಅವಳಿಗೆ ಆಶ್ಚರ್ಯವಾಯಿತು.

ಭಾನುವಾರ ಹತ್ತು ಗಂಟೆಗೆ ಬಂದರು. ಆಶ್ರಿತಾ, ಅವಳ ತಂದೆ ತಾಯಿ, ಸೋದರಮಾವ. ಜೊತೆಗೆ ಕರುಣಾಕರ, ಸುಗಂಧಿ, ಪ್ರತೀಕ್. ಒಳಗೆ ಕಾಲಿಟ್ಟ ಕರುಣಾಕರನ ಮುಖ ಗೋಡೆಯ ಕೆಂಪಿಗೆ ಸಮನಾಯಿತು. ನೆಂಟರ ಮುಂದೆ ಏನೂ ಹೇಳುವ ಹಾಗಿರಲಿಲ್ಲ. ಕುಶಲಾ ಎಲ್ಲರನ್ನೂ ಕೂರಿಸಿ, ಎಳನೀರು ಕೊಟ್ಟು, ನೀರುದೋಸೆ ಬಡಿಸಿದಳು. ಹುಡುಗಿಯ ತಾಯಿ ಚಿತ್ರದ ಕಡೆ ಒಮ್ಮೆ ನೋಡಿ, ದೇವರ ಫೋಟೋ ಎಲ್ಲಿ ಎಂದು ಕೇಳಿದರು. ಕುಶಲಾ ಅಡಿಗೆಮನೆಯ ಮೂಲೆಯಲ್ಲಿ ದೀಪ ಉರಿಯುತ್ತಿದ್ದದ್ದನ್ನು ತೋರಿಸಿದಳು. ಆಶ್ರಿತಾ ಮಾತ್ರ ಚಿತ್ರದ ಎದುರು ನಿಂತು, ಸಣ್ಣಗೆ ನಕ್ಕು, ತಾಯಿ ಕರೆದ ಕೂಡಲೇ ಬಂದು ಕೂತಳು.

ಸೋದರಮಾವ ಎರಡೂ ಮಲಗುವ ಕೋಣೆಗಳಿಗೆ ಇಣುಕಿ ಬಂದರು. ಗಟ್ಟಿ ಮನುಷ್ಯ, ನೇರ ಮಾತು.

"ಮಕ್ಕಳಿಗೆ ಯಾವ ಕೋಣೆ?"

ಕರುಣಾಕರ ಬಾಯಿ ತೆರೆಯುವ ಮೊದಲೇ ಕುಶಲಾ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

"ಮಕ್ಕಳು ಯಾವಾಗ ಬೇಕಾದರೂ ಬರಲಿ, ನಾಲ್ಕು ದಿನ ಉಳಿಯಲಿ. ನನಗೆ ಸಂತೋಷ. ಆದರೆ ಇದು ನನ್ನ ಮನೆ. ನಾನು ಇರುವ ಮನೆ. ಸಂಸಾರ ಮಾಡ್ಲಿಕ್ಕೆ ಅವರು ಬೇರೆ ಮನೆ ನೋಡಿಕೊಳ್ಳಬೇಕು."

ಸೋದರಮಾವ ಕರುಣಾಕರನ ಕಡೆ ತಿರುಗಿದರು. ನೀವು ಬೇರೆಯೇ ಹೇಳಿದ್ದಿರಲ್ಲ ಎಂದರು. ಕರುಣಾಕರ ಅಕ್ಕನಿಗೆ ಇತ್ತೀಚೆಗೆ ಆರೋಗ್ಯ ಸರಿ ಇಲ್ಲ ಎಂದ. ಅದೇ ಮಾತು ಕುಶಲಾಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಆರೋಗ್ಯ ಚೆನ್ನಾಗಿ ಉಂಟು ಎಂದಷ್ಟೇ ಹೇಳಿ, ಸೋದರಮಾವನ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು. ಪ್ರತೀಕ್ ತಲೆ ತಗ್ಗಿಸಿ ಕೂತಿದ್ದ. ಅವನನ್ನು ನೋಡಿ ಅವಳಿಗೆ ಪಾಪ ಎನಿಸಿತು. ಅವನು ಕೇಳಿದ್ದರೆ ಇನ್ನೂ ಮೆತ್ತಗೆ ಹೇಳುತ್ತಿದ್ದಳು, ಆದರೆ ಹೇಳುವುದು ಇದನ್ನೇ.

ನೆಂಟರು ಕೆಳಗಿಳಿದ ಮೇಲೆ ಕರುಣಾಕರ ಬಾಗಿಲಲ್ಲಿ ನಿಂತ. ಮರ್ಯಾದೆ ತೆಗೆದೆ ಎಂದ. ಇನ್ನು ಈ ಮೆಟ್ಟಿಲು ಹತ್ತುವುದಿಲ್ಲ ಎಂದ. ಸುಗಂಧಿ ಅಳುತ್ತಿದ್ದಳು. ಕುಶಲಾ ಬಾಗಿಲಿಗೆ ಒರಗಿಕೊಂಡು ಎಲ್ಲವನ್ನೂ ಕೇಳಿದಳು. ಕ್ಷಮಿಸು ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ಅಲ್ಲಿಯೇ ತಡೆದು ಹಿಡಿದಳು.

ಸಂಬಂಧ ಮುರಿಯಲಿಲ್ಲ. ಮದುವೆಯ ಕಾಗದ ಮಾತ್ರ ಅಂಚೆಯಲ್ಲಿ ಬಂತು. ಒಡಹುಟ್ಟಿದ ತಮ್ಮನ ಮಗನ ಮದುವೆಗೆ ಅಂಚೆಯಲ್ಲಿ ಕಾಗದ ಬಂದರೆ ಬರುವುದು ಬೇಡ ಎಂದೇ ಅರ್ಥ. ಡುಲ್ಸಿನ್ ಬಾಯಿ ಈ ಸಲ ಹೋಗಬೇಡ ಎಂದು ಹೇಳಿದರು. ಕುಶಲಾ ಕೆಂಪಂಚಿನ ಹಳದಿ ಸೀರೆ ಉಟ್ಟು, ಕಾರ್ಕಳದ ಹಾಲ್‌ಗೆ ಬಸ್ಸಿನಲ್ಲಿ ಹೋಗಿ, ಮುಂದಿನ ಸಾಲಿನಲ್ಲಿ ಕೂತಳು. ಮದುಮಗನ ತಂದೆಯ ಅಕ್ಕ ಮಾಡಬೇಕಾದ ಶಾಸ್ತ್ರಗಳನ್ನು ದೂರದ ಸಂಬಂಧದ ಹೆಂಗಸೊಬ್ಬಳು ಮಾಡಿದಳು. ಪಕ್ಕದಲ್ಲಿ ಕೂತ ಊರಿನ ಕಮಲಕ್ಕ, ನೀನು ಯಾಕೆ ಮಂಟಪಕ್ಕೆ ಹೋಗಲಿಲ್ಲ ಎಂದು ಕಿವಿಯಲ್ಲಿ ಕೇಳಿದಳು.

"ಮನೆ ಬಿಟ್ಟುಕೊಡಲಿಲ್ಲ, ಅದಕ್ಕೆ," ಎಂದಳು ಕುಶಲಾ, ಹಿಂದಿನ ಸಾಲಿಗೂ ಕೇಳಿಸುವ ಹಾಗೆ.

ಕಣ್ಣು ತುಂಬಿಕೊಂಡದ್ದು ಧಾರೆಯ ಹೊತ್ತಿನಲ್ಲಿ. ಪ್ರತೀಕನನ್ನು ಅವಳು ಎತ್ತಿ ಆಡಿಸಿದ್ದಳು. ಸೆರಗಿನಿಂದ ಒರೆಸಿಕೊಂಡು, ಊಟಕ್ಕೆ ಕೂತು, ಪಾಯಸ ಎರಡು ಸಲ ಹಾಕಿಸಿಕೊಂಡಳು.

ಹೊರಡುವಾಗ ಮದುಮಕ್ಕಳು ಬಂದು ಕಾಲಿಗೆ ಬಿದ್ದರು. ಇಂದ್ರಾಳಿಯಲ್ಲಿ ಬಾಡಿಗೆಗೆ ಮನೆ ಸಿಕ್ಕಿದೆ ಎಂದ ಪ್ರತೀಕ್. ಆಶ್ರಿತಾ ಅವನ ಹಿಂದಿನಿಂದ ಮುಂದೆ ಬಂದಳು.

"ಓನರ್ ಗೋಡೆಗೆ ಮೊಳೆ ಹೊಡೀಲಿಕ್ಕೆ ಬಿಡುವುದಿಲ್ಲ, ಮಾಮಿ."

"ಹಾಗಾದರೆ ಚಿತ್ರವನ್ನು ಕಪಾಟಿನ ಮೇಲೆ ಗೋಡೆಗೆ ಒರಗಿಸಿ ಇಡು. ಅದಕ್ಕೆ ಯಾರ ಅಪ್ಪಣೆಯೂ ಬೇಡ."

ಹುಡುಗಿ ನಕ್ಕಳು. ಹಾಲ್‌ನ ಗೇಟಿನ ಬಳಿ ಕರುಣಾಕರ ನೆಂಟರನ್ನು ಬೀಳ್ಕೊಡುತ್ತಾ ನಿಂತಿದ್ದ. ಕುಶಲಾ ಬೇರೆ ಬಾಗಿಲಿನಿಂದ ಹೋಗಬಹುದಿತ್ತು, ಹೋಗಲಿಲ್ಲ. ಅವನ ಎದುರಿಗೇ ಬಂದು ನಿಂತಳು.

"ಬರ್ತೇನೆ, ಕರುಣ. ಮದುವೆ ಚೆನ್ನಾಗಿ ಆಯಿತು."

ಅವನು ಅತ್ತ ತಿರುಗಿ ಯಾರಿಗೋ ಕೈ ಮುಗಿದ. ಅವಳು ಒಂದು ಗಳಿಗೆ ಕಾದಳು; ಆಮೇಲೆ ಸೀರೆಯ ನೆರಿಗೆ ಸರಿಮಾಡಿಕೊಂಡು, ಬಿಸಿಲಿನಲ್ಲಿ ಬಸ್‌ಸ್ಟ್ಯಾಂಡಿನ ಕಡೆಗೆ ನಡೆದಳು.