ಸುಕ್ರ ಕಾಲೂರಿ ಎಸೆದ ಚೆಂಡು

ಅರವತ್ತಾರನೇ ಇಸವಿಯಲ್ಲಿ ಕೋಳಿ ಸಾಕುವುದು ಕಲಿಸಲು ಅಮೆರಿಕದಿಂದ ಬಂದ ಟಾಮ್, ಮೊಟ್ಟೆ ಬುಟ್ಟಿಗೆ ಯಾರು ಕೈ ಹಾಕಿದರೂ "ಜೋಪಾನ, ಜೋಪಾನ" ಎಂದು ತಲೆ ತಿನ್ನುತ್ತಿದ್ದ. ಸಂಜೆಯಾದರೆ ಕಾಸರಕೋಡದ ಹೊಳೆದಡದ ಮರಳಿನಲ್ಲಿ ಬೇಸ್‌ಬಾಲ್ ಪಾಠ. ಚೆಂಡು ಎಸೆಯುವವನು ಕೊಕ್ಕರೆ ಹಾಗೆ ಒಂದು ಕಾಲೆತ್ತಿ ನಿಲ್ಲಬೇಕಂತೆ. ದೋಣಿಯಿಂದ ಹೆಂಚು ಇಳಿಸುವ ನಮಗೆ ಈ ಕುಣಿತ ಎಂತಕ್ಕೆ?

ನಮ್ಮಲ್ಲಿ ಸುಕ್ರ ಹಾಗೇ ಎಸೆದ. ಬ್ಯಾಟು ಹಿಡಿದಿದ್ದ ಸೋಮ ಅದನ್ನು ಹೊಳೆಗೆ ಅಟ್ಟಿದ.

ಚೆಂಡು ಹೆಕ್ಕಿ ತಂದ ಸುಕ್ರ ಈ ಸಲ ಎರಡೂ ಕಾಲೂರಿ ನಿಂತ. ದೋಣಿಯಿಂದ ದಡಕ್ಕೆ ಹೆಂಚು ದಾಟಿಸುವಂತೆ ಸೊಂಟದ ಮಟ್ಟದಿಂದ ಮೆಲ್ಲಗೆ ತೂರಿ "ಹೋ" ಎಂದ. ಸೋಮ ಬ್ಯಾಟು ಬಿಸಾಡಿ, ಎರಡೂ ಕೈಯಲ್ಲಿ ಚೆಂಡು ಹಿಡಿದು, ತಿರುಗಿ ನನಗೆ ದಾಟಿಸಿದ.

"ಹಿಡೂದಲ್ಲ ಮಾರಾಯ, ಹೊಡೂದು" ಎಂದು ಬೈದೆ.

"ಬಿದ್ದು ಒಡ್ದ್ರೆ?" ಅಂದ ಸೋಮ.

ನಮ್ಮ ಗುಂಪಿನ ಉಳಿದವರದೂ ಅದೇ ಕತೆಯಾಯಿತು. ಕೊನೆಗೆ ಟಾಮ್ ನಗುತ್ತ ಬ್ಯಾಟು ಕೈಗೆತ್ತಿಕೊಂಡ. "ನಾನು ಹೆಂಚು ಹಿಡಿದವನಲ್ಲ" ಎಂದ, ತನ್ನ ಹರಕು ಕನ್ನಡದಲ್ಲಿ.

"ಆತು" ಅಂದ ಸುಕ್ರ. ಅಷ್ಟೇ ಮೆಲ್ಲಗೆ ಚೆಂಡು ತೂರಿ ಹೇಳಿದ: "ಸಾಹೇಬ್ರೇ, ಮೊಟ್ಟೆ."

ಟಾಮ್ ಬ್ಯಾಟು ಬಿಟ್ಟು ಬೊಗಸೆಯೊಡ್ಡಿದ.