ಒಕ್ಕಣೆಗೆ ಮುಂದೂಡಿದ ಮುಯ್ಯಿ

ಬಿಂಡಿಗನವಿಲೆ ಪಕ್ಕದ ಆ ಊರಿಗೆ ಸೊಸೆಯಾಗಿ ಬಂದು ಎರಡು ವರ್ಷವಾದರೂ ರಂಜಿತ ಒಂದು ಪೇಪರನ್ನು ಮಾತ್ರ ದಾಟಿರಲಿಲ್ಲ. ಅಂಚೆಯಲ್ಲಿ ಪಾಠ ತರಿಸಿಕೊಂಡು ಓದುವ ಪದವಿ ಅವಳದು. ಉಳಿದ ಪೇಪರುಗಳೆಲ್ಲ ನೀರು ಕುಡಿದಷ್ಟು ಸಲೀಸಾಗಿ ಮುಗಿದಿದ್ದವು. 'ಸರಕು ಸಾಗಣೆ ಮತ್ತು ದಾಸ್ತಾನು' ಅನ್ನುವುದು ಮಾತ್ರ ಎರಡು ಸಲ ಕೈಕೊಟ್ಟಿತ್ತು. ಮೊದಲ ಸಲ ಮೂವತ್ತೊಂದು, ಎರಡನೆಯ ಸಲ ಮೂವತ್ತಮೂರು. ಪಾಸಾಗಲು ಮೂವತ್ತೈದು ಬೇಕು. ತೊಂಬತ್ತಾರರ ಡಿಸೆಂಬರಿನ ಪರೀಕ್ಷೆ ಹಳೆಯ ಪಠ್ಯದವರಿಗೆ ಕಡೆಯದು ಎಂದು ವಿಶ್ವವಿದ್ಯಾನಿಲಯದಿಂದ ಕಾಗದ ಬಂದಿತ್ತು. ಇದೂ ಹೋದರೆ ಮೂರು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಪರೀಕ್ಷೆಗೆ ದಿನ ಗೊತ್ತುಮಾಡುವವರು ರಾಗಿ ಹೊಲದ ಕಡೆ ನೋಡುವುದುಂಟೆ? ಅದು ಬಂದು ಬಿದ್ದದ್ದು ಕೊಯ್ಲಿನ ನಟ್ಟನಡುವೆ. ಆ ಊರಲ್ಲಿ ಕೊಯ್ಲು ಅಂದರೆ ಮುಯ್ಯಿ. ಒಂದು ಮನೆಯವರು ನಿಮ್ಮ ಹೊಲಕ್ಕೆ ಒಂದು ದಿನ ಬಂದು ಕೊಯ್ದರೆ, ನೀವು ಅವರ ಹೊಲಕ್ಕೆ ಒಂದು ದಿನ ಹೋಗಿ ಕೊಯ್ಯಬೇಕು. ಕೂಲಿ ಕೊಡುತ್ತೇನೆ ಅಂದರೆ ಅವಮಾನ ಮಾಡಿದ ಹಾಗೆ. ರಂಜಿತಳ ಮನೆಯ ರಾಗಿಯನ್ನು ಆರು ಮನೆಯ ಹೆಂಗಸರು ಬಂದು ಕೊಯ್ದುಕೊಟ್ಟಾಗಿತ್ತು. ಅತ್ತೆ ಚಿಕ್ಕಬೋರಮ್ಮ ಮಗಳ ಬಾಣಂತನಕ್ಕೆಂದು ಕೆ.ಆರ್. ಪೇಟೆಗೆ ಹೋಗಿದ್ದಳು. ಗಂಡ ಚಲುವರಾಜು ಪಾಂಡವಪುರದಲ್ಲಿ ಕೆಲಸಕ್ಕಿದ್ದು ಭಾನುವಾರ ಮಾತ್ರ ಮುಖ ತೋರಿಸುತ್ತಿದ್ದ. ಹೀಗಾಗಿ ಆರು ದಿನದ ಮುಯ್ಯಿಯೂ ಸೊಸೆಯ ತಲೆಗೇ ಬಂತು. ಪರೀಕ್ಷೆಗೆ ಉಳಿದದ್ದು ಏಳು ದಿನ.

ರಂಜಿತ ಶ್ರೀರಂಗಪಟ್ಟಣದಲ್ಲಿ ಹುಟ್ಟಿ ಬೆಳೆದವಳು. ಎದೆಗುಂದಲಿಲ್ಲ. ಸುತ್ತಾಟ ಕಡಿಮೆಯಾಗುವಂತೆ ದಾರಿ ಹಾಕಿಕೊಳ್ಳಬೇಕೆಂದು ಪುಸ್ತಕದಲ್ಲೇ ಇತ್ತಲ್ಲ! ನೋಟ್‌ಬುಕ್ಕಿನಲ್ಲಿ ಆರು ಹೊಲಗಳ ನಕ್ಷೆ ಬರೆದು, ಹತ್ತಿರದ್ದು ಮೊದಲು, ದೂರದ್ದು ಕಡೆಗೆ ಎಂದು ಅಂಕಿ ಹಾಕಿದಳು. ಎರಡು ಮೈಲಿ ಆಚೆ ಗುಡ್ಡದ ಬುಡದಲ್ಲಿದ್ದ ಮಾರಮ್ಮನ ಮೇಲ್ಹೊಲಕ್ಕೆ ಆರನೆಯ ಅಂಕಿ ಬಿತ್ತು. ಮೊದಲು ಹೋದರೂ ಕಡೆಗೆ ಹೋದರೂ ಎರಡು ಮೈಲಿ ಎರಡು ಮೈಲಿಯೇ ಎಂಬುದು ಆ ಭರಾಟೆಯಲ್ಲಿ ಹೊಳೆಯಲಿಲ್ಲ. ಎರಡು ಸಲ ಫೇಲಾದದ್ದು ಸುಮ್ಮನೆಯೇ? ಆರೂ ಮನೆಗೆ ಹೋಗಿ ಯಾವ ದಿನ ಯಾರ ಹೊಲ ಎಂದು ಹೇಳಿಬಂದಳು. ಮಾರಮ್ಮ ಗಂಡ ತೀರಿಹೋದ ಒಂಟಿ ಹೆಂಗಸು, ಅರವತ್ತು ದಾಟಿದವಳು. ಗುಡ್ಡದ ಕಡೆ ಒಮ್ಮೆ ನೋಡಿ, ಆಗಲಿ ಅಂದಳು.

ಮೂರು ಹೊಲ ಮುಗಿದ ಸಂಜೆ ಚಿಕ್ಕಬೋರಮ್ಮ ಪೇಟೆಯಿಂದ ಬಂದಳು. ರಂಜಿತ ಹೆಮ್ಮೆಯಿಂದ ತನ್ನ ಪಟ್ಟಿಯನ್ನು ಓದಿ ಹೇಳಿದಳು. ಕಡೆಯ ಹೆಸರು ಕೇಳುತ್ತಲೇ ಅತ್ತೆ ಕೈಚೀಲವನ್ನು ಅಲ್ಲೇ ಬಿಟ್ಟು ಜಗಲಿಯ ಮೇಲೆ ಕೂತುಬಿಟ್ಟಳು.

"ಮಾರಮ್ಮನ್ನ ಕೊನೇಗಿಕ್ಕಿದ್ದೀಯಾ? ಅವಳದು ಗರಸು ನೆಲ ಕಣಮ್ಮಿ, ನೀರು ನಿಲ್ಲಾಕಿಲ್ಲ. ಊರ್ಗೆಲ್ಲ ಎಂಟು ದಿನ ಮುಂಚೆ ಹಣ್ಣಾಯ್ತದೆ. ಹಣ್ಣಾದ ರಾಗೀನ ನಿಲ್ಲುಸ್ಬುಟ್ಟು ಮೊದಲ್ನೇ ದಿನ ನಮ್ಮೊಲಕ್ಕೆ ಬಂದಿದ್ಲು ಅವಳು."

ಮೊದಲು ಬಂದವರಿಗೆ ಮೊದಲು ಮುಯ್ಯಿ ಎಂಬುದು ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ಪುಸ್ತಕ ಓದಿದವಳಿಗೆ ಗೊತ್ತಿರಲಿಲ್ಲ. ರಂಜಿತ ಚಪ್ಪಲಿಯನ್ನೂ ಮೆಟ್ಟದೆ ಮಾರಮ್ಮನ ಮನೆಗೆ ಓಡಿದಳು.

ಮಾರಮ್ಮ ಹೊಸ್ತಿಲ ಬಳಿ ಕೂತು ಕುಡುಗೋಲು ಮಸೆಯುತ್ತಿದ್ದಳು. ರಂಜಿತ ತಪ್ಪಾಯಿತೆಂದಳು, ನಾಳೆಯೇ ಬರುತ್ತೇನೆಂದಳು. ಮುದುಕಿ ಪರೀಕ್ಷೆಯ ವಿಚಾರ ಎತ್ತಿದಳು. ಯಾವತ್ತು, ಎಲ್ಲಿ, ಹೋದ ಸಲ ಯಾಕೆ ಹೋಯಿತು, ಈ ಸಲವೂ ಹೋದರೆ ಏನಾಗುತ್ತದೆ, ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದಳು. ಇದೇ ಕಡೆಯ ಅವಕಾಶ ಎಂಬುದನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಆಮೇಲೆ ಕುಡುಗೋಲನ್ನು ಪಕ್ಕಕ್ಕಿಟ್ಟಳು.

"ದೂರ ಹತ್ರ ನೋಡೋದಲ್ಲ ಕಣ್ ಕೂಸೆ. ಯಾವ್ದು ಕಾಯಾಕಿಲ್ವೋ ಅದು ಮೊದ್ಲು. ನಿಂತ ರಾಗಿ ಕಾಯಾಕಿಲ್ಲ, ಉದುರೋಯ್ತದೆ. ಕೊಯ್ದು ಮೆದೆ ಒಟ್ಬುಟ್ರೆ ಮೂರು ತಿಂಗಳಾದ್ರೂ ಕಾಯ್ತದೆ. ನನ್ನ ಮುಯ್ಯಿ ಈಗ ಬ್ಯಾಡ. ಸಂಕ್ರಾಂತಿ ಕಳುದ್ಮೇಲೆ ಒಕ್ಕಣೆಗೆ ಬಾ. ಓಗು, ಓದ್ಕೊ."

ನಿಮ್ಮ ಹೊಲ ಇನ್ನೂ ನಿಂತಿದೆಯಲ್ಲ ಎಂದು ರಂಜಿತ ಕೇಳಿದ್ದಕ್ಕೆ, ಉಳಿದಿರುವುದು ಮೂಲೆಯಲ್ಲಿ ಒಂದು ಚೂರು, ಎರಡು ದಿನದಲ್ಲಿ ತಾನೇ ಮುಗಿಸುತ್ತೇನೆ ಎಂದು ಮಾರಮ್ಮ ಮಾತು ತೇಲಿಸಿದಳು. ಅಷ್ಟೇ ಅಲ್ಲ, ಮಾರನೆಯ ದಿನ ಬೆಳಗಾಗುತ್ತಲೇ ಉಳಿದ ಎರಡು ಮನೆಗೂ ಹೋಗಿ, ಮಾದಮ್ಮ ಮತ್ತು ಸೋಮಮ್ಮನ ಮುಯ್ಯಿಯನ್ನೂ ಒಕ್ಕಣೆಗೆ ಹಾಕಿಸಿ ಬಂದಳು.

ಆಮೇಲಿನ ದಿನಗಳಲ್ಲಿ ಚಿಕ್ಕಬೋರಮ್ಮ ಸೊಸೆಯನ್ನು ಒಲೆಯ ಕಡೆ ತಲೆ ಹಾಕಗೊಡಲಿಲ್ಲ. ರಂಜಿತ ಪುಸ್ತಕ ತೆರೆದರೆ ಆಶ್ಚರ್ಯ. ದಾಸ್ತಾನು ಯಾಕೆ ಬೇಕು ಎಂಬ ಪಾಠವನ್ನು ಎರಡು ವರ್ಷ ಗಿಳಿಯ ಹಾಗೆ ಉರುಹೊಡೆದಿದ್ದಳು, ಒಂದಕ್ಷರ ಒಳಗಿಳಿದಿರಲಿಲ್ಲ. ಈಗ ಕಿಟಕಿಯಾಚೆ ಕಂತೆ ಕಟ್ಟಿ ಒಟ್ಟಿದ ತಮ್ಮದೇ ರಾಗಿ ಮೆದೆ ಕಾಣುತ್ತಿತ್ತು. ಕಾಯಲಾರದ್ದನ್ನು ಕಾಯುವ ಹಾಗೆ ಮಾಡಿ, ಕೈಯನ್ನು ಬೇರೆ ಕೆಲಸಕ್ಕೆ ಬಿಡಿಸಿಕೊಳ್ಳುವುದು. ಇಷ್ಟೇ ತಾನೆ! ಇಷ್ಟಕ್ಕೆ ಪುಸ್ತಕದವರು ನಲವತ್ತು ಪುಟ ಬರೆದಿದ್ದರು.

ಪರೀಕ್ಷೆಯ ಹಿಂದಿನ ದಿನ ನಾಗಮಂಗಲಕ್ಕೆ ಬಂದು, ಪಾಂಡವಪುರದ ಮೇಲೆ ಹೋಗುವ ಬಸ್ಸು ಹಿಡಿದು, ಪರೀಕ್ಷೆ ನಡೆಯುವ ತವರೂರು ಶ್ರೀರಂಗಪಟ್ಟಣ ಸೇರಿದಳು. ಮರುದಿನ ಬೆಳಗಿನಿಂದಲೇ ಅಕಾಲದ ಮಳೆ ಹಿಡಿಯಿತು. ಸೀರೆಯ ಅಂಚು ಒದ್ದೆಯಾದದ್ದು ಬಿಟ್ಟರೆ ರಂಜಿತಳಿಗೆ ಮಳೆಯ ಗೊಡವೆಯೇ ಇರಲಿಲ್ಲ. ಯಾವ ಸರಕನ್ನು ಮೊದಲು ಸಾಗಿಸಬೇಕು, ಯಾವುದನ್ನು ದಾಸ್ತಾನಿನಲ್ಲಿಡಬೇಕು, ಉದಾಹರಣೆಯೊಡನೆ ವಿವರಿಸಿ ಎಂಬ ಪ್ರಶ್ನೆ ಎದುರಿಗಿತ್ತು. ಜನ್ಮದಲ್ಲಿ ಮೊದಲ ಸಲ ಅವಳು ಎದ್ದು ನಿಂತು ಹೆಚ್ಚಿನ ಹಾಳೆ ಕೇಳಿದಳು. ಊರಿಗೆ ಮರಳಿದಾಗ ಮಾರಮ್ಮ ದಾರಿಯಲ್ಲೇ ಸಿಕ್ಕಿ ಚೆನ್ನಾಗಿ ಬರೆದೆಯಾ ಎಂದಷ್ಟೇ ಕೇಳಿ, ದನದ ಹಿಂದೆ ಹೊರಟುಹೋದಳು.

ಅಂಕಪಟ್ಟಿ ಬಂದದ್ದು ಜನವರಿ ಕೊನೆಯಲ್ಲಿ, ಮಾರಮ್ಮನ ಒಕ್ಕಣೆಯ ದಿನವೇ. ಐವತ್ತೆಂಟು. ರಂಜಿತ ಆ ಕಾಗದವನ್ನು ಹಿಡಿದು ಕಣಕ್ಕೆ ಓಡಿದಳು. ಮೊದಲು ಮಾರಮ್ಮ ದೊಡ್ಡವ್ವನಿಗೇ ಹೇಳಬೇಕು ಅಂದುಕೊಂಡು ಅತ್ತೆಗೂ ಹೇಳಿರಲಿಲ್ಲ. ಮಾರಮ್ಮ ಇನ್ನೂ ಬಂದಿರಲಿಲ್ಲ. ಮಾದಮ್ಮ ಮೆದೆ ಬಿಚ್ಚಿ ಕಂತೆ ಎಸೆಯುತ್ತಿದ್ದಳು. ತಾನೂ ಕೈಹಾಕೋಣವೆಂದು ರಂಜಿತ ಒಂದು ಕಂತೆ ಹಿಡಿದರೆ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ತೆನೆ ಕಪ್ಪಾಗಿತ್ತು. ಅಲ್ಲಲ್ಲಿ ಮೊಳಕೆ ಒಡೆದು ಒಣಗಿತ್ತು. ಅಂಥ ಕಂತೆಗಳೇ ಒಂದು ಕಡೆ ರಾಶಿ ಬಿದ್ದಿದ್ದವು.

ಇದೇನು ಎಂದು ಕೇಳಿದಳು. ಮಾದಮ್ಮ ಅತ್ತಿತ್ತ ನೋಡಿ ದನಿ ತಗ್ಗಿಸಿ ಹೇಳಿದಳು. ಅವತ್ತು ಮಾರಮ್ಮನ ಹೊಲದಲ್ಲಿ ಉಳಿದಿದ್ದದ್ದು ಚೂರಲ್ಲ, ಅರ್ಧ ಹೊಲ. ಮಿಕ್ಕವರೆಲ್ಲ ಅವರವರ ಮುಯ್ಯಿಗೆ ಸಿಕ್ಕಿಕೊಂಡಿದ್ದರು. ಒಬ್ಬಳೇ ಕೊಯ್ದು ಕೊಯ್ದು, ಕಾಲುಭಾಗ ನಿಂತಿದ್ದಾಗ ಮಳೆ ಹಿಡಿದು ಅದೆಲ್ಲ ನೆಲ ಕಚ್ಚಿತು; ಮಳೆ ನಿಂತಮೇಲೆ ಅದನ್ನೇ ಕೊಯ್ದು ಒಟ್ಟಿದ್ದಳು. ರಂಜಿತಳ ಕಿವಿಗೆ ಹಾಕಕೂಡದೆಂದು ಊರಿಗೇ ತಾಕೀತು ಮಾಡಿದ್ದಳಂತೆ.

ಅಷ್ಟರಲ್ಲಿ ಮಾರಮ್ಮ ಮಜ್ಜಿಗೆ ಕೊಡ ಹೊತ್ತು ಬಂದಳು. ರಂಜಿತಳ ಮುಖ ನೋಡಿ, ಅವಳ ಕೈಯಲ್ಲಿದ್ದ ಕಪ್ಪು ಕಂತೆ ನೋಡಿ, ಮಾದಮ್ಮನ ಕಡೆ ಕಣ್ಣು ಕೆಕ್ಕರಿಸಿದಳು.

"ಯಾಕೆ ಹೇಳ್ಲಿಲ್ಲ ದೊಡ್ಡವ್ವ?" ಎಂದಳು ರಂಜಿತ.

"ಏಳಿದ್ರೆ ನೀನು ಕುಡ್ಲು ಇಡ್ಕೊಂಡು ಬಂದ್ಬುಡ್ತಿದ್ದೆ." ಮಾರಮ್ಮ ಕೊಡ ಇಳಿಸಿದಳು. "ರಾಗಿ ಮುಂದ್ಲೊರ್ಸ ಬತ್ತದೆ ಕಣ್ ಕೂಸೆ. ಆ ಪರೀಕ್ಸೆ ಬತ್ತಿತ್ತಾ?"

ರಂಜಿತ ಬಾಗಿ ಅವಳ ಕಾಲು ಮುಟ್ಟಿದಳು. ಹೆತ್ತವಳಲ್ಲ, ಒಡಹುಟ್ಟಿದವಳಲ್ಲ, ಇಂಥ ಒಬ್ಬಳು ತನಗೆ ಸಿಕ್ಕಳಲ್ಲ ಎಂದು ಹೃದಯ ತುಂಬಿ ಬಂದು ಅಳು ತಡೆಯಲಾಗಲಿಲ್ಲ. ಮಾರಮ್ಮ ಅವಳನ್ನು ಎಬ್ಬಿಸಿ, ಎಷ್ಟು ಬಂತು ಎಂದು ಕೇಳಿದಳು.